ಚುಕ್ಕಿ ಎಣಿಸಲು ಜಯನಗರಕ್ಕೆ

ಜನವರಿಯ ಕೊನೆಯಲ್ಲೊಂದು ಗುರುವಾರ ಬೆಳಿಗ್ಗೆ ಚಿತ್ರದುರ್ಗದ ನಿಲ್ದಾಣದಲ್ಲಿ ನಾನು ಮತ್ತು ರೇಣುಕಾ ಕೆಂಪು ಬಸ್ಸು ಹತ್ತಿದೆವು. ಬೆಂಗಳೂರಿಗೆ ಸುಮಾರು ಇನ್ನೂರು ಕಿಲೋಮೀಟರ್ ದಾರಿ. ಮೆತ್ತನೆ ಸೀಟಿನ ಬಸ್ಸಿನಲ್ಲೇ ಹೋಗಿಬನ್ನಿ ಎಂದು ಆಸ್ಪತ್ರೆಯವರು ಹೇಳಿದ್ದರು. ರೇಣುಕಾ ಒಪ್ಪಲಿಲ್ಲ. "ಹೆಂಗಸ್ರಿಗೆ ಫ್ರೀ ಇರೋ ಬಸ್ ಬಿಟ್ಟು ಅದ್ಯಾಕ್ರೀ ಮೇಡಂ? ಆಧಾರ್ ಕಾರ್ಡ್ ತೋರ್ಸಿ ಜುಮ್ಮಂತ ಕೂತ್ಕಳಾನ" ಎಂದಳು. ಹೀಗಾಗಿ ಶೂನ್ಯ ಟಿಕೆಟ್ ಹಿಡಿದು, ಹಿರಿಯೂರಿನವರೆಗೆ ಒಬ್ಬರ ಮೂಟೆಗೂ ಇನ್ನೊಬ್ಬರ ಮೊಣಕೈಗೂ ನಡುವೆ ಸಿಕ್ಕಿಕೊಂಡು ಜುಮ್ಮಂತ ಹೋದೆವು.

ನಾನು ಊರಿನ ಒಂದು ಟ್ರಸ್ಟ್ ಆಸ್ಪತ್ರೆಯಲ್ಲಿ ಮೆಡಿಕಲ್ ಫಿಸಿಸಿಸ್ಟ್. ಹಾಗೆಂದರೆ ಡಾಕ್ಟರೂ ಅಲ್ಲ, ಮೆಕ್ಯಾನಿಕ್ಕೂ ಅಲ್ಲ. ಎಕ್ಸ್-ರೇ, ಸಿಟಿ ಸ್ಕ್ಯಾನ್ ಮುಂತಾದ ಯಂತ್ರಗಳು ಬೇಕಾದಷ್ಟೇ ಕಿರಣ ಬಿಟ್ಟು, ಕಾಣಿಸಬೇಕಾದದ್ದನ್ನು ಕಾಣಿಸುತ್ತಿವೆಯೇ ಎಂದು ಅಳೆದು ನೋಡುವವಳು. ಮದುವೆ ಮನೆಗಳಲ್ಲಿ ಇದನ್ನು ವಿವರಿಸಿ ಸಾಕಾಗಿ ಈಗೀಗ 'ಆಸ್ಪತ್ರೇಲಿ ಕೆಲಸ' ಎಂದಷ್ಟೇ ಹೇಳಿ ಊಟದ ಎಲೆಯ ಕಡೆ ನೋಡುತ್ತೇನೆ. ರೇಣುಕಾ ನಮ್ಮ ಮ್ಯಾಮೊಗ್ರಫಿ ಕೋಣೆಯ ಟೆಕ್ನಿಷಿಯನ್. ಹೆಂಗಸರ ಎದೆಯ ಎಕ್ಸ್-ರೇ ತೆಗೆದು, ಕ್ಯಾನ್ಸರಿನ ಗಂಟು ಕೈಗೆ ಸಿಗುವ ಮೊದಲೇ ಹಿಡಿಯುವ ಯಂತ್ರ ಅದು. ಯಂತ್ರ ನಡೆಸುವುದರ ಜೊತೆಗೆ, ಆಶಾ ಕಾರ್ಯಕರ್ತೆಯರನ್ನು ಕಟ್ಟಿಕೊಂಡು ಹಳ್ಳಿಗಳಿಗೆ ಹೋಗಿ, ಹೆಂಗಸರ ನಾಚಿಕೆ ಬಿಡಿಸಿ, ಅವರನ್ನು ಆಸ್ಪತ್ರೆಯ ಬಸ್ಸಿಗೆ ಹತ್ತಿಸುವವಳೂ ಅವಳೇ.

ನಾವು ಹೊರಟದ್ದು ಜಯನಗರದಲ್ಲಿ ರೇಡಿಯಾಲಜಿ ಮತ್ತು ಮೆಡಿಕಲ್ ಫಿಸಿಕ್ಸ್ ಕೆಲಸದವರ ಸಂಘವೊಂದು ನಡೆಸುವ ಎರಡು ದಿನದ ಗುಣಮಟ್ಟ ಸಭೆಗೆ. ಅಲ್ಲಿ ಪಾಠಗಳಿರುತ್ತವೆ, ಸರ್ಕಾರಕ್ಕೆ ಸಲ್ಲಿಸುವ ಬೇಡಿಕೆಗಳ ಚರ್ಚೆಯಿರುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಪ್ರತಿ ಆಸ್ಪತ್ರೆಯ ಮ್ಯಾಮೊಗ್ರಫಿ ಯಂತ್ರ ತೆಗೆದ ಪರೀಕ್ಷಾ ಚಿತ್ರವನ್ನು ಇಬ್ಬರು ಪರಿಶೀಲಕರು ನೋಡಿ ಪಾಸೋ ಫೇಲೋ ಹೇಳುತ್ತಾರೆ. ನಮ್ಮ ಟ್ರಸ್ಟಿನವರು ಈ ಸಲ ಖಡಾಖಂಡಿತವಾಗಿ ಹೇಳಿದ್ದರು: ಪಾಸಾದರೆ ಯಂತ್ರ, ಹಳ್ಳಿಯ ಬಸ್ಸು ಎರಡೂ ಮುಂದುವರಿಯುತ್ತವೆ; ಇಲ್ಲವಾದರೆ ಎರಡಕ್ಕೂ ಬೀಗ. ಬರುವ ಸೋಮವಾರವೇ ಹೊಸದುರ್ಗದ ಕಡೆಯಿಂದ ಒಂದು ಬಸ್ಸು ತುಂಬ ಹೆಂಗಸರು ಬರುವವರಿದ್ದರು. ಅವರನ್ನು ಒಪ್ಪಿಸಲು ರೇಣುಕಾ ದಸರಾದಿಂದ ಓಡಾಡಿದ್ದಳು.

ನನ್ನ ತೊಡೆಯ ಮೇಲಿನ ಚೀಲದಲ್ಲಿ ಫ್ಯಾಂಟಮ್ ಇತ್ತು. ಎದೆಯ ಬದಲಿಗೆ ಯಂತ್ರದಲ್ಲಿಟ್ಟು ಚಿತ್ರ ತೆಗೆಯುವ, ಅಂಗೈಯಗಲದ ಅಕ್ರಿಲಿಕ್ ಗಟ್ಟಿ ಅದು. ಅದರೊಳಗೆ ಕಾಯಿಲೆಯ ಮೊದಲ ಗುರುತುಗಳನ್ನು ಹೋಲುವ ಸಣ್ಣ ನಾರುಗಳು, ಸಣ್ಣ ಗಂಟುಗಳು ಮತ್ತು ಪುಡಿ ಚುಕ್ಕಿಗಳ ಐದು ಗುಂಪುಗಳನ್ನು ಹುದುಗಿಸಿರುತ್ತಾರೆ. ಒಂದು ಗುಂಪಿಗಿಂತ ಮುಂದಿನ ಗುಂಪಿನ ಚುಕ್ಕಿ ಇನ್ನೂ ಸಣ್ಣದು. ಚಿತ್ರದಲ್ಲಿ ಮೂರು ಗುಂಪಾದರೂ ಕಂಡರೆ ಯಂತ್ರ ಪಾಸು. ನಮ್ಮದರಲ್ಲಿ ನಾಲ್ಕು ಕಾಣುತ್ತವೆ ಎಂದು ನಾನೇ ನೋಡಿ, ನಾನೇ ಬರೆದು, ನಾನೇ ಸಹಿ ಹಾಕಿ ಕಳಿಸಿದ್ದೆ. ಫ್ಯಾಂಟಮ್ ಸರಿಯಿದೆಯೇ ಎಂದೂ ಅಲ್ಲಿ ತಾಳೆ ನೋಡಿಕೊಡುತ್ತಾರಾದ್ದರಿಂದ ಅದನ್ನೂ ತೆಗೆದುಕೊಂಡು ಹೊರಟಿದ್ದೆ. ಇದನ್ನು ಬಸ್ಸಿನ ಡಿಕ್ಕಿಗೆ ಹಾಕುವಂತಿಲ್ಲ, ಕೂಸಿನ ಹಾಗೆ ತೊಡೆಯ ಮೇಲೇ ಇಟ್ಟುಕೊಳ್ಳಬೇಕು ಎನ್ನುವುದು ನಮ್ಮ ಕಸುಬಿನವರ ನೇಮ.

ತುಮಕೂರು ರಸ್ತೆಯ ಬಸ್ಸಿನವರೆಲ್ಲ ಮಾಡುವಂತೆ ನಾವೂ ಮೆಜೆಸ್ಟಿಕ್ಕಿನವರೆಗೆ ಹೋಗದೆ ಗೊರಗುಂಟೆಪಾಳ್ಯದಲ್ಲೇ ಇಳಿದು ಮೆಟ್ರೋ ಹಿಡಿದೆವು. ಅಲ್ಲಿ ಚೀಲವನ್ನು ಎಕ್ಸ್-ರೇ ಯಂತ್ರದೊಳಗೆ ಬಿಟ್ಟಾಗ ಕಾವಲಿನ ಹುಡುಗಿ ಬೆಲ್ಟು ನಿಲ್ಲಿಸಿದಳು.

"ಏನ್ ಮೇಡಂ ಇದು? ಸೋಪಾ?"

ನಾನು ಗಂಟಲು ಸರಿಮಾಡಿಕೊಂಡು ವಿವರಣೆಗೆ ಸಿದ್ಧಳಾಗುವಷ್ಟರಲ್ಲಿ ರೇಣುಕಾ "ಸೋಪಲ್ಲ ಕಣಮ್ಮ, ಎದೆ" ಎಂದುಬಿಟ್ಟಳು. ಹಿಂದೆ ನಿಂತಿದ್ದ ಇಬ್ಬರು ಗಂಡಸರು ತಮ್ಮ ಬೂಟುಗಳನ್ನು ಬಹಳ ಗಮನವಿಟ್ಟು ನೋಡತೊಡಗಿದರು. ಕೊನೆಗೆ ನಾನು ಗುರುತಿನ ಚೀಟಿ ತೋರಿಸಿ, ಎಲ್ಲ ಹೇಳಿ ಮುಗಿಸಿದ ಮೇಲೆ ಆ ಹುಡುಗಿ ಗಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದು ಮರಳಿಸಿದಳು. "ಸಖತ್ತಾಗಿದೆ ಮೇಡಂ. ನಮ್ಮಮ್ಮನಿಗೂ ಮಾಡಿಸ್ಬೇಕು" ಎಂದಳು. ಮಾಡಿಸು ಎಂದು ಹೇಳಿ, ರೈಲು ಬಂದದ್ದರಿಂದ ಓಡಿದೆವು.

ಜಯನಗರದಲ್ಲಿ ಇಳಿದಾಗ ಮಧ್ಯಾಹ್ನದ ಬಿಸಿಲು ಹದವಾಗಿತ್ತು. ಬೀದಿಬದಿಯ ಮರಗಳಲ್ಲಿ ಎಲೆಗಿಂತ ನಸುಗೆಂಪು ಹೂವೇ ಹೆಚ್ಚಿತ್ತು. ನಮ್ಮ ವಾಸ್ತವ್ಯ ಪದ್ಮನಾಭನಗರದಲ್ಲಿ, ನನ್ನ ಸರಸ ಚಿಕ್ಕಮ್ಮನ ಮನೆಯಲ್ಲಿ. ಆಟೋದವನು "ಪದ್ಮನಾಭನಗರಾನಾ? ರಿಟರ್ನ್ ಸಿಗಲ್ಲ ಮೇಡಂ, ಮೀಟರ್ ಮೇಲೆ ಮೂವತ್ತು ಕೊಡಿ" ಎಂದ.

"ಮೂವತ್ತಾ? ದುರ್ಗದಿಂದ ಬೆಂಗಳೂರ್ ತಂಕ ಪುಕ್ಕಟೆ ಬಂದೀವಿ ಕಣಣ್ಣ" ಎಂದಳು ರೇಣುಕಾ.

"ಹಂಗಾದ್ರೆ ಅದೇ ಬಸ್ಸಲ್ಲೇ ಮನೆವರೆಗೂ ಬಿಡಿಸ್ಕೋಬೇಕಿತ್ತು ಅಕ್ಕ" ಎಂದು ಅವನೂ ನಕ್ಕ. ಕೊನೆಗೆ ಇಪ್ಪತ್ತಕ್ಕೆ ಒಪ್ಪಿ, ದಾರಿಯುದ್ದಕ್ಕೂ ದುರ್ಗದ ಕೋಟೆಯ ವಿಚಾರ ಕೇಳುತ್ತಾ ಬಂದ.

ಚಿಕ್ಕಮ್ಮ ನಲವತ್ತು ವರ್ಷದಿಂದ ಹೈಸ್ಕೂಲು ಮಕ್ಕಳಿಗೆ ಗಣಿತದ ಟ್ಯೂಷನ್ ಹೇಳುತ್ತಿದ್ದಾರೆ. ಮನೆಯ ಮುಂದಿನ ಕೋಣೆಯಲ್ಲಿ ಬೆಂಚು, ಕಪ್ಪು ಹಲಗೆ. ಒಳಗೆ ಅವರ ಸಂಸಾರ. ಅವರ ದನಿಗೆ ಎರಡು ಕೋಣೆಗಳ ವ್ಯತ್ಯಾಸ ಗೊತ್ತಿಲ್ಲ. "ಸುಮಿ, ಚಪ್ಪಲಿ ಸಾಲಾಗಿ ಬಿಡು!" ಎಂದೇ ಸ್ವಾಗತಿಸಿದರು. ಅವರೆಕಾಯಿಯ ಕಾಲವಾದ್ದರಿಂದ ಮನೆಯೆಲ್ಲ ಅದರ ಸೊಗಡು. ಆ ದಿನ ಅವರೆಕಾಳಿನ ಉಪ್ಪಿಟ್ಟು ತಿಂದು ಬೇಗ ಮಲಗಿದೆವು.

ಶುಕ್ರವಾರ ಬೆಳಿಗ್ಗೆ ನಾಲ್ಕನೇ ಬ್ಲಾಕಿನ ಹತ್ತಿರ ದೋಸೆ ತಿಂದೆವು. ದಾವಣಗೆರೆಯಲ್ಲಿ ಹುಟ್ಟಿದ ರೇಣುಕಾ ದೋಸೆಯನ್ನು ಎತ್ತಿ ಬೆಳಕಿಗೆ ಹಿಡಿದು "ಬೆಣ್ಣೆ ಕಮ್ಮಿ, ಆದ್ರೂ ಪಾಸ್" ಎಂದು ತೀರ್ಪು ಕೊಟ್ಟಳು. ಸಭೆಯ ಸಭಾಂಗಣ ಅಲ್ಲಿಂದ ಎರಡು ಅಡ್ಡರಸ್ತೆ ದಾಟಿದರೆ ಸಿಗುತ್ತದೆ. ಕೆಳಗೆ ಸಭಾಂಗಣ, ಮೇಲೆ ಡಾಕ್ಟರ್ ವತ್ಸಲಾ ಅವರ ಸ್ಕ್ಯಾನ್ ಕೇಂದ್ರ. ವತ್ಸಲಾ ಮೇಡಂ ಸಂಘದ ಹಿರಿಯ ರೇಡಿಯಾಲಜಿಸ್ಟ್, ಪರಿಶೀಲಕರಲ್ಲಿ ಒಬ್ಬರು. ಇಷ್ಟು ವರ್ಷ ಅವರನ್ನು ಆನ್‌ಲೈನ್ ಪಾಠಗಳಲ್ಲಿ ಮಾತ್ರ ನೋಡಿದ್ದೆ. ಮುಖ ದೊಡ್ಡದಾಗಿ ಕಾಣುತ್ತಿದ್ದವರು ಎದುರಿಗೆ ನೋಡಿದರೆ ನನ್ನ ಭುಜಕ್ಕೂ ಬರುವುದಿಲ್ಲ.

ಹೊಸಬರಿಗೆಲ್ಲ ಮೊದಲು ಅವರದೊಂದು ಶಾಸ್ತ್ರವಿದೆ. ಮೇಲಿನ ಕತ್ತಲೆ ಕೋಣೆಯ ಪರದೆಯ ಮೇಲೆ ಒಂದು ಫ್ಯಾಂಟಮ್ ಚಿತ್ರ ಹಾಕಿರುತ್ತಾರೆ. ಒಬ್ಬೊಬ್ಬರೇ ಒಳಗೆ ಹೋಗಿ, ಚುಕ್ಕಿಗಳ ಗುಂಪು ಎಷ್ಟು ಕಾಣುತ್ತದೆ ಎಂದು ಚೀಟಿಯಲ್ಲಿ ಬರೆದು ಸ್ಟೀಲ್ ಡಬ್ಬಿಗೆ ಹಾಕಬೇಕು. ಹಳಬರು ಬಾಗಿಲ ಹೊರಗೆ ಕಾಫಿ ಕುಡಿಯುತ್ತಾ ಏನೂ ತಿಳಿಯದವರ ಹಾಗೆ ನಿಂತಿದ್ದರು. ನಾನು ಹೋದೆ, ನೋಡಿದೆ. ಒಂದು, ಎರಡು, ಮೂರು. ನಾಲ್ಕನೆಯದು ಮಸುಕು, ಆದರೆ ಇದೆ. 'ನಾಲ್ಕು' ಎಂದು ಬರೆದು ಎದೆಯುಬ್ಬಿಸಿ ಬಂದೆ. ನನ್ನ ಹಿಂದೆ ಹೋದ ರೇಣುಕಾಳೂ ನಾಲ್ಕು ಬರೆದಳು.

ವತ್ಸಲಾ ಮೇಡಂ ಡಬ್ಬಿ ತೆರೆದು ಚೀಟಿಗಳನ್ನು ಓದಿದರು. ನಾಲ್ಕು, ನಾಲ್ಕು, ನಾಲ್ಕು. ಒಬ್ಬ ಮಹಾನುಭಾವರು ಐದು.

"ಯಾರೂ ಬೇಜಾರು ಮಾಡ್ಕೋಬೇಡಿ" ಎಂದರು ಅವರು. "ಈ ಗಟ್ಟೀನ ನಾನು ಹೇಳಿ ಮಾಡಿಸಿದ್ದು. ಇದರಲ್ಲಿ ನಾಲ್ಕನೇ ಗುಂಪು ಹಾಕಿಸೇ ಇಲ್ಲ. ಐದನೇದೂ ಇಲ್ಲ."

ಹಳಬರೆಲ್ಲ ಒಟ್ಟಿಗೆ ಹೋ ಎಂದು ನಕ್ಕರು. ಅವರೂ ತಮ್ಮ ಮೊದಲ ವರ್ಷ ಹೀಗೇ ಮೋಸ ಹೋದವರಂತೆ. ಮುಂದಿನವರಿಗೆ ಯಾರೂ ಬಾಯಿ ಬಿಡುವುದಿಲ್ಲ. ಐದು ಬರೆದ ಮಹಾನುಭಾವರು ತಲೆ ಕೆರೆದುಕೊಂಡು "ಈಗ್ಲೂ ಕಾಣ್ತಿದೆ ಮೇಡಂ" ಎಂದಾಗ ನಗು ಇನ್ನೂ ಜೋರಾಯಿತು.

ಮೇಡಂ ಹೇಳಿದ್ದು ಇಷ್ಟು. ವರ್ಷಗಟ್ಟಲೆ ಒಂದೇ ಗಟ್ಟಿಯನ್ನು ನೋಡಿದವರಿಗೆ ಯಾವ ಚುಕ್ಕಿ ಎಲ್ಲಿದೆ ಎಂಬುದು ಬಾಯಿಪಾಠವಾಗಿರುತ್ತದೆ. ಯಂತ್ರ ತೋರಿಸದಿದ್ದರೂ ಕಣ್ಣು ತಾನೇ ತುಂಬಿಕೊಳ್ಳುತ್ತದೆ. ದಾರಿಯಲ್ಲಿ ಹೋಗುವವರನ್ನು ಕರೆದು ತೋರಿಸಿದರೆ ಈ ತಪ್ಪಾಗುವುದಿಲ್ಲ; ಇದು ನಮ್ಮವರು ಮಾತ್ರ ಮಾಡುವ ತಪ್ಪು. "ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತ ದೊಡ್ಡವರು ಸುಮ್ಮನೆ ಹೇಳಲಿಲ್ಲ. ನಿಮ್ಮ ಚಿತ್ರ ನೀವೇ ನೋಡ್ಬೇಡಿ. ಅಡಿಮೇಲು ಮಾಡಿ, ಇನ್ನೊಬ್ಬರ ಕೈಗೆ ಕೊಡಿ" ಎಂದರು.

ಎಲ್ಲರೂ ನಗುತ್ತಿದ್ದರು. ನನ್ನ ನಗು ಅರ್ಧಕ್ಕೇ ನಿಂತಿತು. ನಮ್ಮ ಯಂತ್ರದ ಚಿತ್ರ ಮರುದಿನ ಇದೇ ಕೋಣೆಗೆ ಬರುವುದಿತ್ತು. ಅದರಲ್ಲಿ ನಾಲ್ಕು ಗುಂಪು ಕಂಡದ್ದು ನನ್ನ ಕಣ್ಣಿಗೆ ತಾನೆ? ನಾಲ್ಕರ ಬದಲು ಮೂರಾದರೆ ಬದುಕಿಕೊಂಡೆವು. ಎರಡಾದರೆ? ಆ ದಿನದ ಉಳಿದ ಪಾಠಗಳಲ್ಲಿ ಒಳ್ಳೆಯ ಸಂಗತಿಗಳಿದ್ದವು. ಮಕ್ಕಳ ಸಿಟಿ ಸ್ಕ್ಯಾನಿಗೆ ಕಿರಣ ಹೇಗೆ ತಗ್ಗಿಸಬೇಕೆಂದು ಒಬ್ಬರು ಸೊಗಸಾಗಿ ಹೇಳಿದರು. ಟೆಕ್ನಿಷಿಯನ್ನರಿಗಾಗಿ ಸಂಘ ಕನ್ನಡದಲ್ಲೇ ಮಾಡಿಸಿದ ಚಿತ್ರಪಟಗಳನ್ನು ಹಂಚಿದರು. ಭುಜ ಹೇಗೆ ತಿರುಗಿಸಬೇಕು, ನೋವಾದರೆ ಏನು ಹೇಳಬೇಕು ಎಂಬುದೆಲ್ಲ ಅದರಲ್ಲಿತ್ತು. ರೇಣುಕಾ ಅದನ್ನು ಸುರುಳಿ ಸುತ್ತಿ ಸೀರೆ ಅಂಗಡಿಯಿಂದ ಬಂದವಳಂತೆ ಹಿಗ್ಗಿದಳು. ನನ್ನ ತಲೆಯಲ್ಲಿ ಮಾತ್ರ ಚುಕ್ಕಿಗಳೇ ಕುಣಿಯುತ್ತಿದ್ದವು.

ಸಂಜೆ ಟ್ಯೂಷನ್ ಮಕ್ಕಳು ಹೋದ ಮೇಲೆ ಚಿಕ್ಕಮ್ಮ ನೆನೆಸಿದ ಅವರೆಕಾಳಿನ ಪಾತ್ರೆಯನ್ನು ನಮ್ಮಿಬ್ಬರ ನಡುವೆ ಇಟ್ಟರು. ಮರುದಿನದ ಸಾರಿಗೆ ಒಂದೊಂದೇ ಕಾಳನ್ನು ಹಿತುಕಿ ಸಿಪ್ಪೆಯಿಂದ ಬೇಳೆ ಹಾರಿಸಬೇಕು. ನಾನು ಹಿತುಕುತ್ತಲೇ ಲ್ಯಾಪ್‌ಟಾಪ್ ತೆರೆದು ನಮ್ಮ ಚಿತ್ರವನ್ನು ಅಡಿಮೇಲು ಮಾಡಿ ನೋಡಿದೆ. ಲ್ಯಾಪ್‌ಟಾಪಿನ ಪರದೆ ಈ ಕೆಲಸಕ್ಕೆ ಸಾಲದು ಎಂದು ಗೊತ್ತಿದ್ದರೂ ಮನಸ್ಸು ತಡೆಯಲಿಲ್ಲ. ಅಡಿಮೇಲು ಮಾಡಿದ್ದೂ ನಾನೇ ಆದ್ದರಿಂದ ಚುಕ್ಕಿ ಎಲ್ಲಿ ಇರಬೇಕೆಂದು ಮತ್ತೆ ಗೊತ್ತೇ ಇತ್ತು. ರೇಣುಕಾ ನೋಡಿ "ಐತೆ" ಎಂದಳು, ಮತ್ತೆ "ಇಲ್ಲ" ಎಂದಳು, ಕೊನೆಗೆ "ಕಣ್ಣೀರ್ ಬರ್ತೈತ್ರೀ ಮೇಡಂ" ಎಂದಳು.

"ಏನದು, ಇಲ್ಲಿ ಕೊಡು" ಎಂದು ಚಿಕ್ಕಮ್ಮ ಕನ್ನಡಕ ಏರಿಸಿಕೊಂಡರು. ಚುಕ್ಕಿಗಳು ಕಂಡ ಕಡೆಯೆಲ್ಲ ಬೆರಳಿಡಿ ಎಂದಷ್ಟೇ ಹೇಳಿದೆ.

"ಇಲ್ಲಿ. ಇಲ್ಲಿ. ಇದು ಸ್ವಲ್ಪ ಸಣ್ಣದು, ಆದ್ರೂ ಇದೆ. ಇಲ್ಲೊಂದಿದೆ ನೋಡು, ದೊಡ್ಡದು!"

ದೊಡ್ಡದು ಅವರೆಕಾಳಿನ ಸಿಪ್ಪೆ. ಒರೆಸಿದೆ. ನಾಲ್ಕನೆಯ ಗುಂಪು ಇರಬೇಕಾದ ಜಾಗಕ್ಕೆ ನಾನೇ ಬೆರಳಿಟ್ಟು "ಇಲ್ಲಿ?" ಎಂದೆ.

"ಅಲ್ಲೇನಿದೆ? ಸೊನ್ನೆ." ನಾಲ್ಕು ಎಂದು ಬರೆದು ಕಳಿಸಿದ್ದನ್ನು ನಾನು ಹೇಳಿದಾಗ ಚಿಕ್ಕಮ್ಮ ಕನ್ನಡಕ ಇಳಿಸಿದರು. "ಪುಸ್ತಕದ ಹಿಂದೆ ಉತ್ತರ ನೋಡ್ಕೊಂಡು ಲೆಕ್ಕ ಮಾಡೋ ಹುಡುಗರ ಹಾಗೆ ಮಾಡಿದ್ದೀಯ ಕಣೆ ನೀನು. ಉತ್ತರ ಸರಿ, ನಡುವಿನ ಸ್ಟೆಪ್ಸ್ ಎಲ್ಲಾ ಬುರುಡೆ. ನಾನಾಗಿದ್ರೆ ಮಾರ್ಕ್ಸ್ ಕೊಡ್ತಿರ್ಲಿಲ್ಲ."

ನನಗೆ ಸಿಟ್ಟು ಬಂತು. ಸಿಪ್ಪೆಯನ್ನೂ ಚುಕ್ಕಿ ಎಂದವರ ಮಾತನ್ನು ಎಷ್ಟು ನಂಬುವುದು ಎಂದು ಸಮಾಧಾನ ಮಾಡಿಕೊಂಡೆ. ಆದರೂ ಮಲಗುವ ಮೊದಲು ಚಿತ್ರವನ್ನು ಇನ್ನೊಮ್ಮೆ ತೆರೆದು ನೋಡಿದೆ.

ಶನಿವಾರ ಬೆಳಿಗ್ಗೆ ಮೊದಲು ನಮ್ಮ ಫ್ಯಾಂಟಮ್ಮನ್ನು ವತ್ಸಲಾ ಮೇಡಂ ಕೇಂದ್ರದ ಯಂತ್ರದಲ್ಲಿಟ್ಟು ಚಿತ್ರ ತೆಗೆದರು. ಆಮೇಲೆ ನಮ್ಮ ಊರಿನ ಯಂತ್ರ ತೆಗೆದ ಚಿತ್ರದ ಸರದಿ. ಇಬ್ಬರೂ ಪರಿಶೀಲಕರು ಒಳಗೆ, ನಾವಿಬ್ಬರು ಹೊರಗಿನ ಪ್ಲಾಸ್ಟಿಕ್ ಕುರ್ಚಿಯ ಮೇಲೆ. ರೇಣುಕಾ ನನ್ನ ಕೈ ಹಿಡಿದುಕೊಂಡಳು. ದಿನಾ ಬೇರೆ ಹೆಂಗಸರ ಕೈ ಹಿಡಿದು ಧೈರ್ಯ ಹೇಳುವವಳ ಅಂಗೈ ಅವತ್ತು ತಣ್ಣಗಿತ್ತು.

ಮೇಡಂ ಹೊರಗೆ ಬಂದರು. "ಪಾಸ್. ಆದ್ರೆ ಅಂಚಿನಲ್ಲಿ ಪಾಸ್. ನೀವು ನಾಲ್ಕು ಬರೆದಿದ್ದೀರ. ನಾವಿಬ್ಬರೂ ಬೇರೆ ಬೇರೆ ನೋಡಿದ್ವಿ, ಮೂರೇ ಗುಂಪು."

ನಾನು ಕುರ್ಚಿಯಿಂದ ಎದ್ದು ಏನು ಹೇಳಿದೆನೋ ನೆನಪಿಲ್ಲ. ಬಹುಶಃ ಥ್ಯಾಂಕ್ಸ್ ಎಂದು ಹಲವು ಸಲ ಹೇಳಿರಬೇಕು. ಬೀಗ ತಪ್ಪಿತು, ಬಸ್ಸು ಉಳಿಯಿತು. ಸಂತೋಷದಿಂದ ಕಣ್ಣು ತುಂಬಿತು.

ಆದರೆ ರೇಣುಕಾ ಕತ್ತಲೆ ಕೋಣೆಯೊಳಗೆ ಇಣುಕಿ ಎರಡು ಚಿತ್ರಗಳನ್ನೂ ನೋಡುತ್ತಿದ್ದಳು. ಅದೇ ಗಟ್ಟಿ, ಎರಡು ಯಂತ್ರ. ಜಯನಗರದ ಚಿತ್ರದಲ್ಲಿ ನಾಲ್ಕನೆಯ ಗುಂಪು ಅಕ್ಕಿಯೊಳಗಿನ ಮರಳಿನಂತೆ ಸ್ಪಷ್ಟವಾಗಿತ್ತು. ನಮ್ಮದರಲ್ಲಿ ಬರೀ ಬೂದಿ ಬಣ್ಣ. "ಗಟ್ಟಿ ಸರಿ ಐತಲ್ರೀ. ಹಂಗಾದ್ರೆ ನಮ್ಮ ಮಿಷನ್‌ದೇ ತಪ್ಪು" ಎಂದಳು.

ಹೌದು, ಯಂತ್ರ ಹೊಸದಾಗಿದ್ದಾಗ ನಾಲ್ಕನೆಯ ಗುಂಪು ನಿಜಕ್ಕೂ ಕಾಣುತ್ತಿತ್ತು. ಅದು ಯಾವತ್ತು ಮಾಯವಾಯಿತೋ ನಮಗೆ ತಿಳಿಯಲಿಲ್ಲ. ಮಾಯವಾದ ಮೇಲೂ ನಾವು ನೋಡುತ್ತಲೇ ಇದ್ದೆವು. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರಲ್ಲ, ಹಾಗೆ. ಇಷ್ಟು ದಿನ ಪರೀಕ್ಷೆ ಮಾಡಿಸಿಕೊಂಡವರ ಗತಿಯೇನು ಎಂದು ಗಾಬರಿಯಿಂದ ಕೇಳಿದೆ. "ಮೂರು ಗುಂಪು ಕಾಣೋ ಯಂತ್ರದ ಚಿತ್ರಗಳು ಸಾಕಷ್ಟು ಚೆನ್ನಾಗೇ ಇರುತ್ತೆ, ಹಳೇದನ್ನೆಲ್ಲ ಮತ್ತೆ ತೆಗೀಬೇಕಿಲ್ಲ. ಆದ್ರೆ ಇಳೀತಾ ಇದೆಯಲ್ಲ? ಇನ್ನೂ ಇಳಿಯೋಕೆ ಬಿಡಬೇಡಿ" ಎಂದರು ಮೇಡಂ.

ಇಂಥ ಯಂತ್ರಗಳ ಸರ್ವಿಸ್ ಇಂಜಿನಿಯರ್ ಬಸವರಾಜ ಸಭೆಗೆ ಬಂದಿದ್ದ. ಬಾಗಲಕೋಟೆಯ ಹುಡುಗ, ಬಿಟಿಎಂ ಲೇಔಟಿನಲ್ಲಿ ಬಾಡಿಗೆಗಿದ್ದಾನೆ. ಊಟದ ಸಾಲಿನಲ್ಲಿ ಅವನನ್ನು ಹಿಡಿದು ಚಿತ್ರ ತೋರಿಸಿದೆ.

"ಡಿಟೆಕ್ಟರ್ ಕ್ಯಾಲಿಬ್ರೇಷನ್ ಮಾಡಿ ಭಾಳ ದಿನಾ ಆಗೇತ್ರಿ ಮೇಡಂ, ಅದಕ್ಕs ಮಸುಕು" ಎಂದ ಅವನು. ಕಿರಣ ಹಿಡಿದು ಚಿತ್ರವಾಗಿಸುವ ಫಲಕವನ್ನು ಮತ್ತೆ ಅಳತೆಗೆ ಹೊಂದಿಸುವ ಕೆಲಸ ಅದು. "ಸೋಮವಾರ, ಮಂಗಳವಾರ ಎರಡು ದಿನಾ ಮಿಷನ್ ಪೂರ್ತಿ ನನಗ ಬಿಟ್ಟುಕೊಡ್ರಿ, ಮಾಡಿಕೊಡ್ತೀನಿ. ಅದು ಬಿಟ್ಟರ ನಾ ಕಲಬುರ್ಗಿ ಕಡೆ ಹೊಂಟೀನ್ರಿ. ಮತ್ತ ಬರೂದು ಶಿವರಾತ್ರಿ ಆದ ಮ್ಯಾಲೆ."

ಸೋಮವಾರ ಬಸ್ಸು ಬರುತ್ತದೆ. ಪಾಸಂತೂ ಆಗಿದೆ. ಶಿವರಾತ್ರಿ ಆದಮೇಲೇ ಮಾಡಿಸಿದರಾಯಿತು ಎಂದು ನನ್ನೊಳಗೇ ತೀರ್ಮಾನಿಸಿ ಹಪ್ಪಳ ಮುರಿದೆ.

ಮಧ್ಯಾಹ್ನ ಬೇಡಿಕೆಗಳ ಚರ್ಚೆ. ಜಿಲ್ಲಾ ಆಸ್ಪತ್ರೆಗಳಿಗೆ ಫಿಸಿಸಿಸ್ಟ್ ಹುದ್ದೆ ಬೇಕು, ಕಿರಣ ಅಳೆಯುವ ಬ್ಯಾಡ್ಜನ್ನು ಪ್ರತಿ ಟೆಕ್ನಿಷಿಯನ್ನಿಗೂ ಕೊಡಬೇಕು ಎನ್ನುವುದಕ್ಕೆಲ್ಲ ಎಲ್ಲರೂ ಕೈ ಎತ್ತಿದರು. ಕೊನೆಯ ಬೇಡಿಕೆಗೆ ಜಗಳ ಶುರುವಾಯಿತು. ಯಂತ್ರಗಳ ಪರೀಕ್ಷೆಗೆಂದೇ ರೋಗಿಗಳಿಲ್ಲದ ಬಿಡುವಿನ ಸಮಯವನ್ನು ಕಡ್ಡಾಯ ಮಾಡಬೇಕು ಎನ್ನುವುದು ಅದು. ಆಡಳಿತ ಮಂಡಳಿಯವರು ಒಪ್ಪುವುದಿಲ್ಲ, ಬಿಟ್ಟುಬಿಡೋಣ ಎಂದು ಕೆಲವರು ಹೇಳಿದರು. ನನಗೆ ಎಲ್ಲಿಲ್ಲದ ಆವೇಶ ಬಂತು. ಎದ್ದು ನಿಂತು ಮೈಕು ಹಿಡಿದೆ. ಸರ್ಕಾರಿ ಬಸ್ಸನ್ನೂ ಡಿಪೋದಲ್ಲಿ ನಿಲ್ಲಿಸಿ ಬ್ರೇಕು ನೋಡುತ್ತಾರೆ, ಹೆಂಗಸರ ಜೀವದ ಯಂತ್ರವನ್ನು ನಿಲ್ಲಿಸಲು ನಮಗೇಕೆ ಅಂಜಿಕೆ ಎಂದೆ. ಪಾಸಾದರೆ ಸಾಕು ಎನ್ನುವ ಚಾಳಿಯೇ ನಮ್ಮನ್ನು ಹಾಳುಮಾಡುತ್ತಿರುವುದು ಎಂದೂ ಸೇರಿಸಿದೆ. ಚಪ್ಪಾಳೆ ಬಿತ್ತು. ಇನ್ನೂ ನಾಲ್ಕು ಮಾತು ಹೇಳುವ ಉಮೇದಿತ್ತು.

ಹಿಂದಿನ ಸಾಲಿನಿಂದ ಬಸವರಾಜ ಕೈ ಎತ್ತಿದ. ಅವನ ಮುಖದಲ್ಲಿ ಕುಚೋದ್ಯ ಎಳ್ಳಷ್ಟೂ ಇರಲಿಲ್ಲ. "ಹಂಗಾದ್ರ ಸೋಮವಾರ ಬರ್ಲೇನ್ರಿ ಮೇಡಂ?"

ಸಭೆಗೆಲ್ಲ ಏನು ಅರ್ಥವಾಯಿತೋ, ವತ್ಸಲಾ ಮೇಡಂ ಮಾತ್ರ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. ನಾನು ಮೈಕು ಹಿಡಿದುಕೊಂಡೇ ರೇಣುಕಾಳ ಕಡೆ ನೋಡಿದೆ. ಅವಳು ನನ್ನನ್ನು ನೋಡಲಿಲ್ಲ. ಸುರುಳಿ ಸುತ್ತಿದ ಚಿತ್ರಪಟವನ್ನು ಮಡಿಲಲ್ಲಿ ಬಿಗಿಯಾಗಿ ಹಿಡಿದು ಕುಳಿತಿದ್ದಳು.

"ಬನ್ನಿ" ಎಂದೆ.

ಊರಿನ ನಮ್ಮ ರೇಡಿಯಾಲಜಿ ಡಾಕ್ಟರಿಗೆ ಫೋನು ಮಾಡಿ ಎಲ್ಲ ಹೇಳಿದೆ. ಅವರು ಎರಡು ದಿನ ಯಂತ್ರ ನಿಲ್ಲಿಸಲು ಒಪ್ಪಿ, ಪಾಸಾದದ್ದನ್ನು ಟ್ರಸ್ಟಿಗೆ ತಾವೇ ತಿಳಿಸುವುದಾಗಿ ಹೇಳಿದರು. ಸೋಮವಾರದ ಬಸ್ಸು ಗುರುವಾರಕ್ಕೆ ಮುಂದೆ ಹೋಯಿತು. ಸಾಯಂಕಾಲ ಪದ್ಮನಾಭನಗರಕ್ಕೆ ಹೋಗುವ ಆಟೋದಲ್ಲಿ ರೇಣುಕಾ ಬಾಯಿ ಬಿಟ್ಟಳು.

"ನಿಮ್ಗೇನ್ರಿ, ಮೈಕಲ್ಲಿ ಮಾತಾಡಿ ಚಪ್ಪಾಳೆ ಹೊಡ್ಸ್ಕೊಂಡ್ರಿ. ಅವ್ರಿಗೆ ಬರಬ್ಯಾಡ್ರಿ ಅಂತ ಹೇಳೋಳು ನಾನು. ಒಂದ್ಸಲ ಬರಬ್ಯಾಡ ಅಂದ್ರೆ ಆ ಹೆಂಗಸ್ರು ಮತ್ತೆ ಬರಲ್ಲ. ನಿಮ್ಗೆ ಗೊತ್ತಿಲ್ಲ."

ಅವಳ ಮಾತು ನಿಜವಾಗಿತ್ತು. ಆ ದಿನ ಹಿತುಕಿದ ಬೇಳೆಯ ಸಾರು ಅಮೃತದಂತಿತ್ತು, ಆದರೂ ಇಬ್ಬರೂ ಎರಡನೆಯ ಸಲ ಹಾಕಿಸಿಕೊಳ್ಳದೆ ಎದ್ದೆವು.

ಭಾನುವಾರ ಬೆಳಿಗ್ಗೆ ಚಿಕ್ಕಮ್ಮ ನಮ್ಮನ್ನು ವಸಂತಪುರದ ಗುಡ್ಡದ ದೇವಸ್ಥಾನಕ್ಕೆ ಹೊರಡಿಸಿದರು. ಇಬ್ಬರೂ ಮುಖ ಊದಿಸಿಕೊಂಡಿದ್ದು ಅವರಿಗೆ ಸಹಿಸಲಾಗಲಿಲ್ಲ. ಮೇಲೆ ತಂಗಾಳಿ ಬೀಸುತ್ತಿತ್ತು. ಹಿಂದೆ ಇಲ್ಲಿಂದ ಬರೀ ತೋಟ, ಹೊಲಗಳೇ ಕಾಣುತ್ತಿದ್ದವಂತೆ. ಈಗ ದೃಷ್ಟಿ ಹಾಯುವವರೆಗೂ ಅಪಾರ್ಟ್‌ಮೆಂಟುಗಳು. ದರ್ಶನ ಮುಗಿಸಿ ಮೆಟ್ಟಿಲ ಮೇಲೆ ಕುಳಿತು ರೇಣುಕಾ ಫೋನು ತೆಗೆದಳು.

"ಬಸ್ ಕೆಟ್ಟಿದೆ ಅಂತ ಹೇಳಿಬಿಡು" ಎಂದೆ. ಪಾಪಪ್ರಜ್ಞೆಯಿಂದ ಹುಟ್ಟಿದ ಉಪಾಯ.

"ಬಸ್ ಕೆಟ್ಟೈತೆ ಅಂದ್ರೆ ಟ್ರ್ಯಾಕ್ಟರ್ ಮಾಡ್ಕೊಂಡು ಬಂದು ಬಾಗ್ಲಲ್ಲಿ ನಿಂತಾರು" ಎಂದಳು. ಆಮೇಲೆ ಸೆರಗು ಸರಿಮಾಡಿಕೊಂಡು "ಇದ್ದಿದ್ ಇದ್ದಂಗೆ ಹೇಳ್ತೀನಿ ಬಿಡ್ರಿ" ಎಂದು ಶುರುಮಾಡಿದಳು.

"ಯಕ್ಕಾ, ನಾನು ಆಸ್ಪತ್ರೆ ರೇಣುಕಾ. ನಾಳೆ ಬರಬ್ಯಾಡ್ರಿ. ನಮ್ ಮಿಷನ್ ಕಣ್ಣು ಮಂಜಾಗೈತೆ. ದೊಡ್ಡೋರ್ಗೆ ತೋರ್ಸಿದ್ವಿ, ಪಾಸೇನೋ ಮಾಡಿದ್ರು, ಆದ್ರೂ ಸ್ವಚ್ಛ ಮಾಡ್ಸಿ ನಿಮ್ಗೆ ನೋಡಾನ ಅಂತ. ಗುರುವಾರ ಬಸ್ ಬರ್ತೈತೆ."

ಕೆಲವರು ಆಯ್ತು ಎಂದರು. ಕೆಲವರ ಗಂಡಂದಿರು ಫೋನು ಹಿಡಿದು ಗೊಣಗಿದರು. ಗಂಗಮ್ಮ ಎನ್ನುವಾಕೆ ಮಾತ್ರ ಗುರುವಾರ ಎನ್ನುತ್ತಿದ್ದಂತೆಯೇ ಫೋನು ಕಡಿದುಹಾಕಿದಳು. ಮತ್ತೆ ಮಾಡಿದರೆ ಎತ್ತಲಿಲ್ಲ. ರೇಣುಕಾ ಫೋನನ್ನು ಮೆಟ್ಟಿಲ ಮೇಲಿಟ್ಟಳು. ಗಂಗಮ್ಮ ಒಪ್ಪಿದ್ದು ಎಲ್ಲರಿಗಿಂತ ಕೊನೆಯಲ್ಲಂತೆ. ಅವಳ ತಾಯಿ ಇದೇ ಕಾಯಿಲೆಯಿಂದ, ಯಾರಿಗೂ ಹೇಳದೆ, ಸೆರಗಿನೊಳಗೇ ಮುಚ್ಚಿಟ್ಟುಕೊಂಡು ಸತ್ತಿದ್ದಳಂತೆ. "ಅವಳೊಬ್ಬಳು ಬಂದಿದ್ರೆ ಸಾಕಾಗಿತ್ರೀ ನಂಗೆ" ಎಂದಳು ರೇಣುಕಾ. ಚಿಕ್ಕಮ್ಮ ಅವಳ ಪಕ್ಕ ಕುಳಿತು, ಯಾವ ಪಾಠವನ್ನೂ ಹೇಳದೆ, ಪ್ರಸಾದದ ಪುಳಿಯೋಗರೆಯನ್ನು ಅವಳ ಕೈಗಿಟ್ಟರು.

ಮಧ್ಯಾಹ್ನ ಅದೇ ಮೆಟ್ರೋ, ಅದೇ ಕೆಂಪು ಬಸ್ಸು. ಜಯನಗರ ನಿಲ್ದಾಣ ದಾಟುವಾಗ ಕಿಟಕಿಯಿಂದ ನಸುಗೆಂಪು ಮರಗಳು ಒಂದು ಕ್ಷಣ ಕಂಡು ಹಿಂದೆ ಸರಿದವು. ಚಿಕ್ಕಮ್ಮ ಕಟ್ಟಿಕೊಟ್ಟ ಹಿತುಕಿದ ಬೇಳೆಯ ಡಬ್ಬಿ ರೇಣುಕಾಳ ತೊಡೆಯ ಮೇಲೆ, ಫ್ಯಾಂಟಮ್ ನನ್ನ ತೊಡೆಯ ಮೇಲೆ. ಶಿರಾ ದಾಟುವ ಹೊತ್ತಿಗೆ ಅವಳು ನನ್ನ ಭುಜಕ್ಕೆ ಒರಗಿ ನಿದ್ದೆಹೋಗಿದ್ದಳು. ಸಿಟ್ಟು ಇಳಿದಿದೆ ಎಂದು ಅಷ್ಟರಿಂದಲೇ ತಿಳಿದು ನನಗೆ ನೆಮ್ಮದಿಯಾಯಿತು.

ಬಸವರಾಜ ಹೇಳಿದಂತೆ ಬಂದ. ಎರಡು ದಿನ ಯಂತ್ರದ ಮುಂದೆ ಕುಳಿತು, ಊಟಕ್ಕೆ ಕರೆದರೂ ಏಳದೆ ಕೆಲಸ ಮುಗಿಸಿದ. ಹೊಸ ಚಿತ್ರವನ್ನು ನಾನು ನೋಡಲೇ ಇಲ್ಲ. ಅಡಿಮೇಲು ಮಾಡಿಸಿ ನೇರವಾಗಿ ವತ್ಸಲಾ ಮೇಡಂಗೆ ಕಳಿಸಿದೆ. ಅವರ ಉತ್ತರ ಚಿಕ್ಕದಾಗಿತ್ತು: "ನಾಲ್ಕು. ಈ ಸಲ ನಿಜವಾಗಿ."

ಗುರುವಾರ ಬೆಳಿಗ್ಗೆ ಬಸ್ಸು ಆಸ್ಪತ್ರೆಯ ಅಂಗಳಕ್ಕೆ ಬಂದಾಗ ನಾನೂ ರೇಣುಕಾಳೂ ಬಾಗಿಲಲ್ಲೇ ನಿಂತಿದ್ದೆವು. ಒಬ್ಬೊಬ್ಬರೇ ಇಳಿದರು. ಒಂದಿಬ್ಬರು ತಪ್ಪಿಸಿಕೊಂಡಿದ್ದರು. ಕೊನೆಯಲ್ಲಿ, ಹಸಿರು ಸೀರೆಯ ಗಟ್ಟಿ ಹೆಂಗಸೊಬ್ಬಳು ಇನ್ನೊಬ್ಬಳ ರಟ್ಟೆ ಹಿಡಿದು ಎಳೆದುಕೊಂಡೇ ಇಳಿದಳು. ರೇಣುಕಾ ಓಡಿಹೋದಳು.

"ಗಂಗಕ್ಕ! ಅವತ್ತು ಫೋನ್ ಯಾಕೆ ಇಟ್ಬಿಟ್ರಿ?"

"ಇವಳಿಗೆ ಹೇಳಾಕೆ ಓಡಿದ್ನಮ್ಮ. ನನ್ನ ಓರಗಿತ್ತಿ, ಎಷ್ಟು ಕರೆದ್ರೂ ಬರಲ್ಲ ಅಂತಿದ್ಲು. ನಮ್ ಮಿಷನ್ ಮಂಜಾಗೈತೆ ಅಂತ ಅವರೇ ಹೇಳೋ ಆಸ್ಪತ್ರೆ ಎಲ್ಲಾದ್ರೂ ಕಂಡೀಯೇನೇ ಅಂದೆ. ಅದಕ್ಕೆ ಬಂದ್ಲು." ಗಂಗಮ್ಮ ಓರಗಿತ್ತಿಯ ರಟ್ಟೆಯನ್ನು ರೇಣುಕಾಳ ಕೈಗೆ ದಾಟಿಸಿದಳು. "ಮೊದಲು ಇವಳ್ನೇ ನೋಡ್ರಿ. ಗಂಟೈತಂತೆ. ಯಾರಿಗೂ ಹೇಳಿರ್ಲಿಲ್ಲ."